ಮನೆ ಸೌದೆ ಕೊಯ್ಯೋಕೆ ಯಾವ ಚೈನ್‌ಸಾ ತಗೋಬೇಕು?

ಕೋಲಾರದ ಕಡೆ ಹಂಡೆ ಒಲೆಗೆ ಬೀಳೋದು ಹೆಚ್ಚಾಗಿ ನೀಲಗಿರಿ, ಜಾಲಿ ಅಲ್ವಾ? ಅಷ್ಟಕ್ಕೆ 16 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಧಾರಾಳ ಸಾಕು. 22 ಇಂಚಿನದು ಸುಮ್ನೆ ಭಾರ, ಕೈ ಸೋಲುತ್ತದೆ. ಹಿತ್ತಲಲ್ಲೇ ಕೊಯ್ಯುವುದಾದರೆ ಕರೆಂಟಿನದೇ ತಗೊಳ್ಳಿ. ಸದ್ದು ಕಡಿಮೆ, ಹೊಗೆ ಇಲ್ಲ. ವೈರ್ ಎಟುಕದ ತೋಟಕ್ಕೆ ಪೆಟ್ರೋಲಿನದು, 45 ಸಿಸಿ ಆಸುಪಾಸು. ಅದರ ಪೆಟ್ರೋಲಿಗೆ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸಲೇಬೇಕು, ಇಲ್ಲದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಯಾವುದೇ ಆದರೂ ಚೈನ್ ಬ್ರೇಕ್ ಇರಲಿ, ಗರಗಸ ಚಿಮ್ಮಿದಾಗ ಚೈನನ್ನು ತಕ್ಷಣ ನಿಲ್ಲಿಸೋದು ಅದೇ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಮುಖದ ಕಡೆಗೇ ಚಿಮ್ಮುತ್ತದೆ. ಒಣಗಿದ ಜಾಲಿ ಕಬ್ಬಿಣ ಇದ್ದ ಹಾಗೆ. ಹಸಿ ಇದ್ದಾಗಲೇ ತುಂಡು ಮಾಡಿ ಒಣಗಿಸಿ. ಚಕ್ಕೆ ಬದಲು ನುಣ್ಣನೆ ಪುಡಿ ಉದುರಿದರೆ ಚೈನ್ ಮೊಂಡಾಗಿದೆ, ದುಂಡು ಅರದಿಂದ ಹರಿತ ಮಾಡಿ.