ಮನೆಯ ಪ್ರಾರ್ಥನೆಯಷ್ಟೇ ಸಾಲದೇ? – ಒಂದು ಪ್ರತಿಕ್ರಿಯೆ

ನಮಸ್ಕಾರ. ನಿಮ್ಮ ಚರ್ಚಿನ ಸಭಾ ಸಮಿತಿಯ ಚುನಾವಣೆಯಲ್ಲಿ ಒಬ್ಬ ಹಿರಿಯರೊಂದಿಗಾದ ಮನಸ್ತಾಪದಿಂದ ಎಂಟು ತಿಂಗಳಿಂದ ಆರಾಧನೆಗೆ ಹೋಗಿಲ್ಲವೆಂದೂ, ಮನೆಯಲ್ಲೇ ಬೈಬಲ್ ಓದಿ ಪ್ರಾರ್ಥಿಸಿದರೆ ಆತ್ಮಿಕ ಬೆಳವಣಿಗೆಗೆ ಸಾಲದೇ ಎಂದೂ ಕೇಳಿದ್ದೀರಿ. ಸಭಾಪಾಲಕನಾಗಿ ಇಂಥ ಚುನಾವಣೆಗಳನ್ನು ಬೇಕಾದಷ್ಟು ಕಂಡಿದ್ದೇನೆ (ಒಮ್ಮೆ ನಾನೇ ಪಕ್ಷ ವಹಿಸಿ ತಪ್ಪು ಮಾಡಿದ್ದೂ ಉಂಟು). ಆದ್ದರಿಂದ ನಿಮ್ಮ ನೋವನ್ನು ಹಗುರವಾಗಿ ಕಾಣಲಾರೆ.

ಬೈಬಲಿನ ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿ. ಹಿಂದಿನ ಪ್ರಯಾಣದಲ್ಲಿ ನಡುವೆಯೇ ಬಿಟ್ಟುಹೋಗಿದ್ದ ಮಾರ್ಕನನ್ನು ಮತ್ತೆ ಕರೆದೊಯ್ಯುವ ವಿಷಯದಲ್ಲಿ, ಜೊತೆಯಾಗಿ ಸುವಾರ್ತೆ ಸಾರುತ್ತಿದ್ದ ಪೌಲನಿಗೂ ಬಾರ್ನಬನಿಗೂ ತೀಕ್ಷ್ಣ ವಾಗ್ವಾದವಾಗಿ, ಬಾರ್ನಬನು ಮಾರ್ಕನೊಂದಿಗೆ ಕುಪ್ರದ್ವೀಪಕ್ಕೂ (ಇಂದಿನ ಸೈಪ್ರಸ್), ಪೌಲನು ಸೀಲನೊಂದಿಗೆ ಸಿರಿಯ ಕಿಲಿಕ್ಯಗಳ ಕಡೆಗೂ ಹೊರಟರು. ಅವರು ಬೇರೆಯಾದರು ನಿಜ, ಆದರೆ ಇಬ್ಬರಲ್ಲಿ ಒಬ್ಬರೂ ಸಂಗಡಿಗರಿಲ್ಲದೆ ಹೊರಡಲಿಲ್ಲ ಎಂಬುದನ್ನು ಗಮನಿಸಿ. ಮುಂದೆ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಅದೇ ಮಾರ್ಕನು ತನ್ನ ಸೇವೆಗೆ ಉಪಯುಕ್ತನೆಂದೂ ಅವನನ್ನು ಕರೆತರಬೇಕೆಂದೂ ಪೌಲನು ಕೇಳುತ್ತಾನೆ. ಈ ಬದಲಾವಣೆ ಏಕಾಂತದಲ್ಲಷ್ಟೇ ಆಗುವಂಥದ್ದೆಂದು ನನಗೆ ತೋರುವುದಿಲ್ಲ.

ಸಮಿತಿಗೆ ಹಿಂದಿರುಗಿ ಎಂದು ನಾನು ಹೇಳುತ್ತಿಲ್ಲ. ಮೊದಲು ವಾರದ ನಡುವಿನ ಮನೆಕೂಟಕ್ಕೆ ಹೋಗಿ ಕುಳಿತುಕೊಳ್ಳಿ. ಆ ಹಿರಿಯರೊಂದಿಗೆ ಮಾತನಾಡುವ ಮನಸ್ಸಾದಾಗ, ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಹೇಳಿರುವಂತೆ ಮೊದಲು ನೀವಿಬ್ಬರೇ ಇರುವಾಗ ಮಾತನಾಡಿ, ಅದು ಫಲಿಸದಿದ್ದರೆ ಮಾತ್ರ ನಿಮ್ಮ ಸಭಾಪಾಲಕರನ್ನು ಜೊತೆಗೆ ಕರೆಯಿರಿ.