ಕೀಮೋಗೆ ಮೊದಲು ಹಾರ್ಟ್ ಟೆಸ್ಟ್ ಯಾಕೆ?

ಪ್ರಶ್ನೆ: ಅಮ್ಮನಿಗೆ 57 ವರ್ಷ. ಎಡ ಸ್ತನದಲ್ಲಿ ಕ್ಯಾನ್ಸರ್, ಹರ್-2 ಪಾಸಿಟಿವ್ (ಕ್ಯಾನ್ಸರ್ ಕೋಶಗಳಲ್ಲಿ ಹರ್-2 ಅನ್ನುವ ಪ್ರೋಟೀನ್ ಹೆಚ್ಚಿದೆ). ಡಾಕ್ಸೊರುಬಿಸಿನ್ ಇರುವ ಕೀಮೋ ನಾಲ್ಕು ಸಲ, ಆಮೇಲೆ ಆ ಪ್ರೋಟೀನನ್ನು ತಡೆಯುವ ಟ್ರಾಸ್ಟುಜುಮಾಬ್ ಒಂದು ವರ್ಷ, ಜೊತೆಗೆ ರೇಡಿಯೇಷನ್ ಅಂದಿದ್ದಾರೆ. ಅಮ್ಮನಿಗೆ ಬಿಪಿ ಇದೆ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಅಂದಾಗಿನಿಂದ ತುಂಬಾ ಹೆದರಿದ್ದಾರೆ. ಹಾರ್ಟಿಗೆ ತೊಂದರೆ ಕೊಡುವ ಔಷಧಿ ಬೇಡ ಅಂತ ನಾವು ಹೇಳಬಹುದಾ?

ಉತ್ತರ: ಹೇಳಬಹುದು. ಆದರೆ ‘ಬೇಡ’ ಅನ್ನುವುದಕ್ಕಿಂತ ‘ಅಮ್ಮನಿಗೆ ಇದು ಬೇಕೇ ಬೇಕಾ?’ ಅಂತ ಕೇಳಿ. ಹರ್-2 ಪಾಸಿಟಿವ್ ಇದ್ದವರಿಗೆ ಡಾಕ್ಸೊರುಬಿಸಿನ್ ಇಲ್ಲದೆ ಡೊಸಿಟ್ಯಾಕ್ಸೆಲ್, ಕಾರ್ಬೊಪ್ಲಾಟಿನ್ ಜೊತೆ ಟ್ರಾಸ್ಟುಜುಮಾಬ್ ಕೊಡುವ ಕ್ರಮವೂ ಇದೆ, ಅದರಲ್ಲಿ ಹೃದಯಕ್ಕೆ ತೊಂದರೆ ಕಡಿಮೆ. ಯಾವುದು ಸರಿ ಅನ್ನುವುದು ಗಡ್ಡೆಯ ಗಾತ್ರ, ಕಂಕುಳ ಗಂಟುಗಳ ಸ್ಥಿತಿ ನೋಡಿ ತೀರ್ಮಾನ ಆಗುತ್ತೆ. ಹಾರ್ಟಿನ ಭಯಕ್ಕೆ ಕ್ಯಾನ್ಸರ್ ಚಿಕಿತ್ಸೆಯನ್ನೇ ಅರ್ಧಕ್ಕೆ ಬಿಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಡಾಕ್ಸೊರುಬಿಸಿನ್, ಟ್ರಾಸ್ಟುಜುಮಾಬ್ ಈ ಎರಡು ಔಷಧಿಗಳು ಹೃದಯಕ್ಕೆ ಮಾಡುವ ತೊಂದರೆ ಒಂದೇ ಥರ ಅಲ್ಲ. ಡಾಕ್ಸೊರುಬಿಸಿನ್ ಹೃದಯದ ಸ್ನಾಯುಕೋಶಗಳನ್ನೇ ಹಾಳು ಮಾಡಬಲ್ಲದು, ಆ ಕೋಶಗಳು ಮತ್ತೆ ಹುಟ್ಟುವುದು ತೀರಾ ಕಡಿಮೆ, ಹಾಗಾಗಿ ಒಟ್ಟು ಎಷ್ಟು ಡೋಸ್ ದೇಹಕ್ಕೆ ಹೋಯಿತು ಅನ್ನುವುದೇ ಇಲ್ಲಿ ಮುಖ್ಯ. ಸಾಮಾನ್ಯವಾಗಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 60 ಮಿಲಿಗ್ರಾಂ ಲೆಕ್ಕ, ನಾಲ್ಕು ಸಲಕ್ಕೆ 240. ಒಟ್ಟು 400 ದಾಟಿದ ಮೇಲೆ ಹಾರ್ಟ್ ಫೇಲ್ಯೂರ್ ಅಪಾಯ ಬೇಗ ಬೇಗ ಏರುತ್ತೆ. ಹಾಗಂತ 240ಕ್ಕೆ ಅಪಾಯವೇ ಇಲ್ಲ ಅಂತಲ್ಲ. ಬಿಪಿ, ಶುಗರ್, ವಯಸ್ಸು, ಮೊದಲೇ ಇದ್ದ ಹಾರ್ಟ್ ತೊಂದರೆ ಎಲ್ಲವೂ ಸೇರಿಕೊಳ್ಳುತ್ತವೆ. ಟ್ರಾಸ್ಟುಜುಮಾಬ್ ಹಾಗಲ್ಲ, ಅದರಿಂದ ಹೃದಯ ಸುಸ್ತಾದರೂ ಔಷಧಿ ಸ್ವಲ್ಪ ದಿನ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಚೇತರಿಸಿಕೊಳ್ಳುತ್ತೆ. ಎರಡನ್ನೂ ಒಟ್ಟಿಗೆ ಕೊಡದೆ ಒಂದಾದ ಮೇಲೆ ಒಂದು ಕೊಡುವುದೂ ಹೃದಯದ ಕಾಳಜಿಯಿಂದಲೇ.

ಎಕೋದಲ್ಲಿ ನೋಡುವುದು ಇಜೆಕ್ಷನ್ ಫ್ರ್ಯಾಕ್ಷನ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಎಷ್ಟು ಭಾಗ ಹೊರಗೆ ತಳ್ಳುತ್ತೆ ಅಂತ. ಇದನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ, ಮೊದಲಿಗಿಂತ 10 ಅಂಕ ಇಳಿದು 50ಕ್ಕಿಂತ ಕೆಳಗೆ ಬಂದರೆ ಡಾಕ್ಟರು ಎಚ್ಚೆತ್ತುಕೊಳ್ಳುತ್ತಾರೆ. ಮೊದಲು ಎಷ್ಟಿತ್ತು ಅಂತ ಗೊತ್ತಿಲ್ಲದೆ ಇಳಿದದ್ದು ಹೇಗೆ ತಿಳಿಯಬೇಕು? ಅದಕ್ಕೇ ಕೀಮೋಗೆ ಮುಂಚೆ ಒಂದು ಎಕೋ. ಟ್ರಾಸ್ಟುಜುಮಾಬ್ ನಡೆಯುವಾಗ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಮಾಡುತ್ತಾರೆ. ಆದಷ್ಟು ಒಂದೇ ಕಡೆ ಮಾಡಿಸಿ, ಜಾಗ ಬದಲಾದರೆ ಅಂಕಿಯೂ ಸುಮ್ನೆ ಅಷ್ಟಿಷ್ಟು ಬದಲಾಗುತ್ತೆ. ‘ಸ್ಟ್ರೇನ್’ (ಹೃದಯದ ಸ್ನಾಯು ಎಷ್ಟು ಕುಗ್ಗುತ್ತೆ ಅನ್ನುವ ಅಳತೆ) ಕೂಡ ನೋಡ್ತೀರಾ ಅಂತ ಕೇಳಿ, ಫ್ರ್ಯಾಕ್ಷನ್ ಇಳಿಯುವ ಮೊದಲೇ ಅದು ಸುಳಿವು ಕೊಡಬಲ್ಲದು.

ಬಿಪಿ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ಕೆಲವು ಬಿಪಿ ಮಾತ್ರೆಗಳು ಹೃದಯಕ್ಕೂ ಆಸರೆ, ಅಮ್ಮನಿಗೆ ಅಂಥದ್ದಕ್ಕೆ ಬದಲಿಸಬೇಕಾ ಅಂತ ಹೃದಯದ ಡಾಕ್ಟರನ್ನೇ ಕೇಳಿ. ಆದರೆ ವಾಂತಿಭೇದಿಯಾಗಿ ತಲೆ ಸುತ್ತಿದರೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ, ಬಿಪಿ ಇಳಿದಿರಬಹುದು. ಆಂಟಿಆಕ್ಸಿಡೆಂಟ್ ಮಾತ್ರೆ, ಪುಡಿ ಯಾರೋ ಹೇಳಿದರು ಅಂತ ಶುರು ಮಾಡಬೇಡಿ. ಅಮ್ಮ ಆದಷ್ಟು ದಿನ ವಾಕಿಂಗ್ ಮಾಡಲಿ.

ಎಡಭಾಗದ ರೇಡಿಯೇಷನ್‌ಗೆ ಉಸಿರು ಪೂರ್ತಿ ಎಳೆದು ಹಿಡಿಯುವ ವಿಧಾನ ಇದೆ. ಶ್ವಾಸಕೋಶ ತುಂಬಿದಾಗ ಹೃದಯ ಸ್ತನದಿಂದ ದೂರ ಸರಿಯುತ್ತೆ, ಕಿರಣ ಕಡಿಮೆ ತಾಗುತ್ತೆ. ಇದನ್ನೂ ಕೇಳಿ.

ಕೀಮೋದಲ್ಲಿ ಸುಸ್ತು ಎಲ್ಲರಿಗೂ ಇದ್ದದ್ದೇ, ಅಲ್ವಾ? ಆದರೆ ಮಲಗಿದರೆ ಉಸಿರು ಕಟ್ಟುವುದು, ಪಾದ ಊದುವುದು, ಎರಡು ಮೂರು ದಿನದಲ್ಲೇ ತೂಕ ಏರುವುದು ಬೇರೆ ಮಾತು. ಹಾಗಾದರೆ ಮುಂದಿನ ಕೀಮೋ ತನಕ ಕಾಯಬೇಡಿ. ಎದೆನೋವು ಬಂದರೆ ಸೀದಾ ಎಮರ್ಜೆನ್ಸಿಗೆ ಹೋಗಿ.

ಪ್ರಶ್ನೆ: ನನ್ನ ಕೀಮೋ ಮುಗಿದು ಆರು ವರ್ಷ ಆಯ್ತು. ಆರಾಮಾಗಿದ್ದೇನೆ. ಹಾರ್ಟಿನ ಚಿಂತೆ ಇನ್ನೂ ಬೇಕಾ?

ಉತ್ತರ: ಚಿಂತೆ ಬೇಡ, ನೆನಪಿರಲಿ. ನಿಮ್ಮ ಕೀಮೋದಲ್ಲಿ ಡಾಕ್ಸೊರುಬಿಸಿನ್ ಇದ್ದಿದ್ದರೆ ಅದರ ಪರಿಣಾಮ ವರ್ಷಗಳ ನಂತರವೂ ಕಾಣಿಸಬಹುದು. ಹಳೆಯ ಡಿಸ್ಚಾರ್ಜ್ ಪತ್ರದಲ್ಲಿ ಔಷಧಿಯ ಹೆಸರು, ಒಟ್ಟು ಡೋಸ್ ಹುಡುಕಿಟ್ಟುಕೊಂಡು, ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ, ಆಪರೇಷನ್‌ಗೆ ಮುಂಚೆಯಂತೂ ತಪ್ಪದೆ ತೋರಿಸಿ.