ಅಂಗಡಿಯಾದ ಸರಾಯಿ ನೋಡಲು ಅಷ್ಟು ದೂರ ಹೋಗಬೇಕಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ಮಗ ಇಸ್ತಾಂಬುಲ್‌ಗೆ ಕರೆದುಕೊಂಡು ಹೋಗುತ್ತಿದ್ದಾನೆ. ಅಲ್ಲಿಂದ ಬುರ್ಸಾಕ್ಕೆ ಹೋಗಿ ಹಳೇ ಕಾಲದ ಕಾರವಾನ್ ಸರಾಯಿ ನೋಡೋಣ ಅಂತಾನೆ. ಅಲ್ಲೀಗ ಬರೀ ಸ್ಕಾರ್ಫ್ ಅಂಗಡಿಯಂತೆ. ಅಂಗಡಿ ನೋಡೋಕೆ ಶಿವಮೊಗ್ಗದ ಗಾಂಧಿ ಬಜಾರ್ ಸಾಲದಾ? ನೀವು ಹೋಗಿ ಬಂದವರು, ಹೇಳಿ.
– ಓದುಗರು, ಸಾಗರ

ಉತ್ತರ: ಮೊದಲು ಹೆಸರಿನ ವಿಷಯ. ನಾನು ಸರಾಯಿ ನೋಡಿಕೊಂಡು ಬಂದೆ ಅಂದಾಗ ತೋಟದ ಕೆಲಸದವರು ನಕ್ಕಿದ್ದೇ ನಕ್ಕಿದ್ದು. ನಮ್ಮ ಸಾರಾಯಿ ಬೇರೆ, ಅಲ್ವಾ! ಇದು ಮುಸಾಫಿರಖಾನೆ. ಊರೊಳಗಿನದಕ್ಕೆ ಟರ್ಕಿಯಲ್ಲಿ ‘ಹಾನ್’ ಅನ್ನುತ್ತಾರೆ. ಬುರ್ಸಾದ್ದು ಕೋಜಾ ಹಾನ್. ಕೋಜಾ ಅಂದರೆ ರೇಷ್ಮೆಗೂಡು.

ತಂಗೀ, ಅದು ಆಮೇಲೆ ಅಂಗಡಿಯಾದದ್ದಲ್ಲ, ಕಟ್ಟಿದ್ದೇ ವ್ಯಾಪಾರಕ್ಕೆ. 1491ರಲ್ಲಿ ಸುಲ್ತಾನ ಎರಡನೇ ಬಾಯಜೀದ್ ಕಟ್ಟಿಸಿದ. ಇದರ ಬಾಡಿಗೆ ಇಸ್ತಾಂಬುಲ್‌ನಲ್ಲಿ ತನ್ನ ಹೆಸರಿನ ಮಸೀದಿ, ಮದರಸಾಗಳ ಖರ್ಚಿಗೆ ಹೋಗಲಿ ಅಂತ. ನಮ್ಮಲ್ಲಿ ದೇವಸ್ಥಾನಕ್ಕೆ ಉಂಬಳಿ ಬಿಡುತ್ತಿದ್ದರಲ್ಲ, ಹಾಗೆ. ಇರಾನಿನ ಕಚ್ಚಾ ರೇಷ್ಮೆ ಹೊತ್ತ ಒಂಟೆಗಳು ಬುರ್ಸಾಕ್ಕೆ ಬರುತ್ತಿದ್ದವು. ಕೊಳ್ಳೋಕೆ ಇಟಲಿಯ ವ್ಯಾಪಾರಿಗಳು. ಆಮೇಲೆ ಸುತ್ತಲಿನ ಹಳ್ಳಿಗಳವರೇ ಹುಳು ಸಾಕಿ, ಗೂಡು ತಂದು ಇಲ್ಲಿ ಮಾರತೊಡಗಿದರು.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ಶಿವಮೊಗ್ಗದ ಅಡಿಕೆ ಮಂಡಿ. ತೀರ್ಥಹಳ್ಳಿ ಕಡೆಯಿಂದ ಮೂಟೆ ಹೇರಿಕೊಂಡು ಹೋದ ಅಪ್ಪಯ್ಯ, ದರ ಸರಿಯಿಲ್ಲದಿದ್ದರೆ ಮಂಡಿಯಲ್ಲೇ ರಾತ್ರಿ ಉಳಿಯುತ್ತಿದ್ದರು. ಚೀಲದ ಮಗ್ಗುಲಲ್ಲೇ ಚಾಪೆ. ಒಮ್ಮೆ ನಾನೂ ಹಟ ಮಾಡಿ ಹೋಗಿದ್ದೆ. ರಾತ್ರಿಯಿಡೀ ಯಾರೋ ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಬಗೆಗಳದ್ದೇ ಮಾತಾಡುತ್ತಲೇ ಇದ್ದರು. ಕಣ್ಣು ಮುಚ್ಚಲಿಲ್ಲ. ಹಾನ್‌ನ ಕೆಲಸವೂ ಅದೇ. ಮಾಲು ಇಡು, ಮಲಗು, ಬೆಳಿಗ್ಗೆ ಮಾರು.

ಕಟ್ಟಡ ನಮ್ಮ ತೊಟ್ಟಿಮನೆಯನ್ನು ಹಿಗ್ಗಿಸಿದ ಹಾಗಿದೆ. ನಡುವೆ ಅಂಗಳ, ಸುತ್ತ ಎರಡು ಅಂತಸ್ತು, 95 ಕೋಣೆ. ಅಂಗಳದ ಮಧ್ಯೆ ಕಂಬಗಳ ಮೇಲೆ ಎತ್ತಿ ಕಟ್ಟಿದ ಎಂಟು ಮೂಲೆಯ ಪುಟ್ಟ ಮಸೀದಿ, ಅದರ ಕೆಳಗೆ ಕೈಕಾಲು ತೊಳೆಯುವ ಕಾರಂಜಿ. ಮಾಲು ಬಿಟ್ಟು ನಮಾಜಿಗೆ ದೂರ ಹೋಗಬೇಕಿರಲಿಲ್ಲ, ಮೆಟ್ಟಿಲು ಹತ್ತಿದರಾಯಿತು. ಈ ಬುದ್ಧಿ ನನಗೆ ತುಂಬಾ ಹಿಡಿಸಿತು.

ಈಗ ಅಲ್ಲಿ ಯಾರೂ ಮಲಗುವುದಿಲ್ಲ. ಕೋಣೆಗಳಲ್ಲಿ ಸ್ಕಾರ್ಫ್, ಮರದಡಿ ಚಹಾ ಮೇಜು. ಊರಿನ ಹಿರಿಯರು ಕೂತು ಹರಟುತ್ತಿದ್ದರು. ನಾನೂ ಚಹಾ ಹೇಳಿದೆ. ಸಣ್ಣ ಸೊಂಟದ ಗಾಜಿನ ಲೋಟದಲ್ಲಿ ಹಾಲಿಲ್ಲದ ಕಣ್ಣ ಚಾ ಬಂತು. ಹಾಲು ಕೇಳಿದ್ದಕ್ಕೆ ಹುಡುಗ, ಈಕೆಗೆ ಹುಷಾರಿಲ್ಲವೇನೋ ಅನ್ನೋ ಹಾಗೆ ನೋಡಿದ.

ಸುಮ್ನೆ ಫೋಟೋ ಹೊಡೆದು ಓಡಬೇಡಿ. ಮೇಲಿನ ಪಡಸಾಲೆಗೆ ಹತ್ತಿ ಅಂಗಳ ನೋಡಿ. ಇಸ್ತಾಂಬುಲ್‌ನಿಂದ ಮರ್ಮರಾ ಸಮುದ್ರ ದಾಟಿ ಮುದಾನ್ಯಾಕ್ಕೆ ಫೆರಿ ಇದೆ, ಅಲ್ಲಿಂದ ಬುರ್ಸಾ ಹತ್ತಿರ. ಹಾನ್ ಪಕ್ಕದಲ್ಲೇ 20 ಗುಮ್ಮಟಗಳ ದೊಡ್ಡ ಮಸೀದಿ, ಅದನ್ನೂ ಬಿಡಬೇಡಿ. ಸ್ಕಾರ್ಫ್ ಕೊಳ್ಳುವಾಗ ಮಾತ್ರ ಜಾಸ್ತಿ ಜಾಗ್ರತೆ. ನಾನು ರೇಷ್ಮೆ ಅಂತ ತಂದ ಎರಡರಲ್ಲಿ ಒಂದು ಪಾಲಿಯೆಸ್ಟರ್. ಗಾಂಧಿ ಬಜಾರ್ ಎಲ್ಲಿಗೂ ಓಡಿಹೋಗುವುದಿಲ್ಲ, ಬಂದ ಮೇಲೆ ಹೋಗಿ.

ಪ್ರಶ್ನೆ: ಇಂಥ ಕಡೆ ಒಂಟೆಗಳನ್ನು ಎಲ್ಲಿ ಕಟ್ಟುತ್ತಿದ್ದರು? ಕಳ್ಳರ ಕಾಟ ಇರಲಿಲ್ಲವೇ?
– ಓದುಗರು, ಹೊಸನಗರ

ಉತ್ತರ: ಸಾಮಾನ್ಯವಾಗಿ ಕೆಳಗೆ ಪ್ರಾಣಿ ಮತ್ತು ಮಾಲು, ಮೇಲೆ ಮನುಷ್ಯರು. ಹೊರೆ ಹೊತ್ತ ಒಂಟೆ ನುಗ್ಗುವಷ್ಟು ದೊಡ್ಡ ಬಾಗಿಲು. ರಾತ್ರಿ ಅದನ್ನು ಹಾಕಿದರೆ ಮುಗಿಯಿತು. ಟರ್ಕಿಯದೇ ಕುಶಾದಾಸಿ ಬಂದರಿನಲ್ಲಿ 1618ರ ಸರಾಯಿಯೊಂದು ಇದೆ, ನೋಡಿದರೆ ಕೋಟೆಯೇ ಅನ್ನಬೇಕು. ಕಟ್ಟಿಸಿದವನು ಓಕುಜ್ ಮೆಹ್ಮದ್ ಪಾಷಾ. ಓಕುಜ್ ಅಂದರೆ ಎತ್ತು! ಒಂಟೆ ಇಳಿಯುವ ಜಾಗಕ್ಕೆ ಎತ್ತಿನ ಹೆಸರು.